ಬಸವನಹುಳುಗಳ ದಂಡಯಾತ್ರೆ

ಮಾನ್ಯ ಸಭಿಕರೇ,

ಕಿರುಬೊಂಬೆಗಳ ಯುದ್ಧದಾಟದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಾಗ, ಇತಿಹಾಸದ ಯಾವುದಾದರೂ ದೊಡ್ಡ ಕದನವನ್ನು ಮೇಜಿನ ಮೇಲೆ ಕಟ್ಟುವ ಬಗೆಯನ್ನು ವಿವರಿಸಬಹುದಿತ್ತು. ಆದರೆ ಹನ್ನೊಂದು ವರ್ಷ ಆಟಗಾರರ ಒಂದು ಸಮ್ಮೇಳನದಿಂದ ಇನ್ನೊಂದಕ್ಕೆ ನಾನು ಹೊತ್ತು ತಿರುಗಿದ್ದು ಒಂದೇ ಆಟವನ್ನು, ಅದೂ ನನ್ನ ಮನೆಯ ಮೇಜಿನ ಮೇಲೆ ಹುಟ್ಟಿದ ಆಟವನ್ನು. ಅದರಲ್ಲಿ ಕುದುರೆಗಳಿಲ್ಲ. ಕವಚ ತೊಟ್ಟ ಸರದಾರರು ಬಸವನಹುಳುಗಳ ಮೇಲೆ ಕುಳಿತು ಯುದ್ಧಕ್ಕೆ ಹೊರಡುತ್ತಾರೆ. ಅದನ್ನು ಈಗ ಹಿಂತಿರುಗಿ ನೋಡಿದಾಗ ನನಗೆ ಖಚಿತವಾಗಿ ಕಾಣುವುದು ಇಷ್ಟು: ನಗಿಸುವ ಆಟದ ನಿಯಮಗಳು ಗಂಭೀರ ಆಟದ ನಿಯಮಗಳಿಗಿಂತಲೂ ಬಿಗಿಯಾಗಿರಬೇಕು, ಮತ್ತು ನಿಯಮದೊಳಗೇ ನಗುವನ್ನು ಬರೆದಿಡಲು ಹೋದರೆ ಆಟ ಸೊರಗುತ್ತದೆ. ಇದನ್ನು ನಾನು ಮೊದಲೇ ತಿಳಿದು ಶುರುಮಾಡಿದವನಲ್ಲ. ಮೇಜಿನ ಸುತ್ತ ನಿಂತ ಅಪರಿಚಿತರು ಒಂದೊಂದಾಗಿ ಕಲಿಸಿದರು.

ಬಸವನಹುಳುವೇ ಏಕೆ ಎಂದು ಬಹಳ ಮಂದಿ ಕೇಳಿದ್ದಾರೆ. ಹದಿಮೂರನೆಯ ಶತಮಾನದ ಕೊನೆಯಿಂದ ಯೂರೋಪಿನಲ್ಲಿ, ಅದರಲ್ಲೂ ಉತ್ತರ ಫ್ರಾನ್ಸಿನಲ್ಲಿ ಸಿದ್ಧವಾದ ಅನೇಕ ಹಸ್ತಪ್ರತಿಗಳ ಅಂಚಿನಲ್ಲಿ ಸರದಾರನೊಬ್ಬ ಬಸವನಹುಳುವಿನೊಡನೆ ಕಾದಾಡುವ ಚಿತ್ರ ಮತ್ತೆ ಮತ್ತೆ ಬರುತ್ತದೆ. ಪ್ರಾರ್ಥನೆಯ ಸಾಲುಗಳ ಪಕ್ಕದಲ್ಲೇ ಒಬ್ಬ ಕತ್ತಿ ಎತ್ತಿ ನಿಂತಿರುತ್ತಾನೆ. ಇನ್ನೊಬ್ಬ ಕತ್ತಿ ಕೆಳಗೆ ಹಾಕಿ, ಮಂಡಿಯೂರಿ, ಹುಳುವಿಗೆ ಶರಣಾಗಿರುತ್ತಾನೆ. ಈ ಚಿತ್ರಗಳನ್ನು ಒಟ್ಟುಗೂಡಿಸಿ ಅಧ್ಯಯನ ಮಾಡಿದ ಲಿಲಿಯನ್ ರ್ಯಾಂಡಲ್ ಅವರು, ಲೇವಾದೇವಿಗೂ ಹೇಡಿತನಕ್ಕೂ ಹೆಸರು ಕೆಡಿಸಿಕೊಂಡಿದ್ದ ಉತ್ತರ ಇಟಲಿಯ ಲೊಂಬಾರ್ಡರನ್ನು ಹೀಗೆ ಅಣಕಿಸಿರಬಹುದೆಂದು 1962ರಲ್ಲಿ ವಾದಿಸಿದರು. ಆ ವ್ಯಾಖ್ಯಾನವನ್ನು ಎಲ್ಲರೂ ಒಪ್ಪಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಚಿತ್ರಕಾರರ ಶ್ರದ್ಧೆ: ಕವಚದ ಒಂದೊಂದು ಬಳೆಯನ್ನೂ ಬಿಡದೆ ಬರೆದಿದ್ದಾರೆ, ಸರದಾರನ ಮುಖದಲ್ಲಿ ನಿಜವಾದ ಭಯವನ್ನೇ ತಂದಿದ್ದಾರೆ. ನಗು ಬರುವುದು ಅವರು ಎಲ್ಲಿಯೂ ಕಣ್ಣು ಮಿಟುಕಿಸದೆ ಇರುವುದರಿಂದ. ಇನ್ನು ನಮ್ಮ ಭಾಷೆಯಂತೂ ಈ ಜೀವಿಯನ್ನು ಆಗಲೇ ಬಸವನೆಂದು ಕರೆದುಬಿಟ್ಟಿದೆ. ಕೊಂಬುಗಳಿಂದಲೋ, ಬೆನ್ನ ಮೇಲೆ ಹಿಣಿಲಿನಂತೆ ಹೊತ್ತ ಚಿಪ್ಪಿನಿಂದಲೋ, ಅದಕ್ಕೆ ವಾಹನವಾಗುವ ಯೋಗ್ಯತೆ ಮೊದಲೇ ಬಂದಿತ್ತು.

ಬೊಂಬೆಗಳನ್ನು ಮಾಡಿದ ಬಗೆ ಹೀಗೆ. ಸುಮಾರು 3 ಸೆಂಟಿಮೀಟರ್ ಅಗಲದ ಖಾಲಿ ಚಿಪ್ಪುಗಳನ್ನು ಆರಿಸಿ, ತೊಳೆದು ಒಣಗಿಸಿದೆ. ಬಹಳ ದಿನ ಬಿಸಿಲಿನಲ್ಲಿ ಬಿದ್ದು ಬಿಳಿಚಿಕೊಂಡ ಚಿಪ್ಪು ಬೆರಳಿನ ಒತ್ತಡಕ್ಕೇ ಪುಡಿಯಾಗುವುದರಿಂದ, ಬಣ್ಣ ಇನ್ನೂ ಉಳಿದಿದ್ದವನ್ನು ಮಾತ್ರ ಇಟ್ಟುಕೊಂಡೆ. ಅವುಗಳ ಬಾಯಿಯೊಳಗೆ ಎಪಾಕ್ಸಿ ಪುಟ್ಟಿ ತುಂಬಿ ಗಟ್ಟಿಮಾಡಿದೆ. ಅದೇ ಪುಟ್ಟಿಯಿಂದ ಹುಳುವಿನ ಮೈ, ತೆಳು ತಂತಿಯಿಂದ ಕೊಂಬುಗಳು. ಸವಾರರು ನಿಜ ಗಾತ್ರದ ಎಪ್ಪತ್ತೆರಡನೆಯ ಒಂದು ಭಾಗದ ಅಳತೆಯ ಪ್ಲಾಸ್ಟಿಕ್ ಬೊಂಬೆಗಳು. ಕುದುರೆಯನ್ನು ತಬ್ಬಲೆಂದು ಅಗಲಿಸಿದ ಅವುಗಳ ಕಾಲುಗಳು ಚಿಪ್ಪಿನ ಉಬ್ಬಿಗೂ ಹೊಂದಿಕೊಂಡವು. ಚಿಪ್ಪಿನ ಸಹಜ ಪಟ್ಟೆಗಳ ಮೇಲೆ ನಾನು ಬಣ್ಣ ಹಚ್ಚಲಿಲ್ಲ. ಮೈಗೆ ಮಾತ್ರ ಹೊಳಪಿನ ವಾರ್ನಿಷ್ ಕೊಟ್ಟೆ, ಒದ್ದೆಯಾಗಿ ಕಾಣಲಿ ಎಂದು. ಒಟ್ಟು ನಲವತ್ತೆಂಟು ಸವಾರರು, ಎಂಟು ಆಟಗಾರರಿಗೆ ತಲಾ ಆರು.

ಈಗ ನಿಯಮಗಳಿಗೆ ಬರುತ್ತೇನೆ. ಮೇಜು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಎರಡು ಸೈನ್ಯಗಳ ನಡುವೆ 60 ಸೆಂಟಿಮೀಟರ್ ಬಯಲು. ಒಂದು ಸುತ್ತಿನಲ್ಲಿ ಬಸವನಹುಳು ನಡೆಯುವುದು 4 ಸೆಂಟಿಮೀಟರ್. ಮೊದಲ ವರ್ಷ ಆಟಗಾರರು ಒಬ್ಬರಾದ ಮೇಲೆ ಒಬ್ಬರು ತಮ್ಮ ಸರದಿಯಲ್ಲಿ ನಡೆಸುತ್ತಿದ್ದರು. ಸಮ್ಮೇಳನದಲ್ಲಿ ಒಂದು ಆಟಕ್ಕೆ ಸಿಗುವುದು ನಾಲ್ಕು ಗಂಟೆ, ಅದರಲ್ಲಿ ಅರ್ಧ ಗಂಟೆ ನಿಯಮ ವಿವರಿಸಲು ಹೋಗುತ್ತದೆ. ಎಂಟು ಜನ ತಲಾ ನಾಲ್ಕು ನಿಮಿಷ ತೆಗೆದುಕೊಂಡರೂ ಒಂದು ಸುತ್ತಿಗೆ ಮೂವತ್ತೆರಡು ನಿಮಿಷ. ಆರು ಸುತ್ತು ಮುಗಿಯುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಎರಡೂ ಕಡೆಯವರು ಸೇರಿ 48 ಸೆಂಟಿಮೀಟರ್ ನಡೆದಿರುತ್ತಾರೆ, ಅಂದರೆ ಒಬ್ಬರನ್ನೊಬ್ಬರು ಮುಟ್ಟಿರುವುದೇ ಇಲ್ಲ. ಮನೆಯಲ್ಲಿ ಇಬ್ಬರೇ ಆಡಿ ನೋಡಿದ್ದರಿಂದ ಈ ಲೆಕ್ಕ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎರಡನೆಯ ವರ್ಷದಿಂದ ಎಲ್ಲರೂ ಏಕಕಾಲಕ್ಕೆ ನಡೆಸುವ ಪದ್ಧತಿ ತಂದೆ. ಸುತ್ತಿಗೆ ಹನ್ನೆರಡು ನಿಮಿಷದಂತೆ ಹದಿನೇಳು ಸುತ್ತು ಸಾಧ್ಯವಾಯಿತು. ಎಂಟನೆಯ ಸುತ್ತಿನಲ್ಲಿ ಕೊಂಬಿಗೆ ಕೊಂಬು ತಾಗಿತು.

ಭಯದ ನಿಯಮ ಇನ್ನೂ ಹೆಚ್ಚು ತಿದ್ದುಪಡಿ ಬೇಡಿತು. ಶತ್ರು ಹತ್ತಿರ ಬಂದಾಗ ಪ್ರತಿ ಬಸವನಹುಳುವಿಗೂ ಒಂದು ದಾಳ ಉರುಳಿಸಬೇಕು. ಸೋತರೆ ಹುಳು ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ, ಸವಾರ ಆ ಸುತ್ತು ಪೂರ್ತಿ ಕತ್ತಿ ಹಿಡಿದು ಅಲ್ಲೇ ಕುಳಿತಿರಬೇಕು. ಮೊದಲು ನಾನು ಒಂದು ಅಥವಾ ಎರಡು ಬಿದ್ದರೆ ಸೋಲು ಎಂದು ಬರೆದಿದ್ದೆ. ಆರು ಹುಳುಗಳ ಸಾಲಿನಲ್ಲಿ ಕನಿಷ್ಠ ಒಂದಾದರೂ ಒಳಸೇರುವ ಸಂಭವ ಆಗ ಶೇ. 91. ಹೀಗಾದರೆ ಸಾಲು ಮುರಿಯುವುದು ಸುದ್ದಿಯೇ ಆಗುವುದಿಲ್ಲ. ಆಟಗಾರರು ಭರವಸೆ ಬಿಟ್ಟು ದಾಳವನ್ನು ಯಾಂತ್ರಿಕವಾಗಿ ಉರುಳಿಸತೊಡಗಿದರು. ಒಂದು ಬಿದ್ದರೆ ಮಾತ್ರ ಸೋಲು ಎಂದು ತಿದ್ದಿದಾಗ ಆ ಸಂಭವ ಮೂರರಲ್ಲಿ ಎರಡಕ್ಕೆ ಇಳಿಯಿತು. ಸಾಲು ಸಾಮಾನ್ಯವಾಗಿ ಮುರಿಯುತ್ತದೆ, ಆದರೆ ಮೂರು ಸಲಕ್ಕೊಮ್ಮೆ ಇಡೀ ಸಾಲು ಅಲುಗದೆ ಮುನ್ನುಗ್ಗುತ್ತದೆ. ಆ ಮೂರನೆಯ ಸಲದ ಆಸೆಯೇ ಜನರನ್ನು ಮೇಜಿನತ್ತ ಬಗ್ಗಿಸಿತು, ಉಸಿರು ಬಿಗಿಹಿಡಿಸಿತು. ಐದು ದಾಳಗಳು ಗೆದ್ದು, ಆರನೆಯದು ತಿರುಗುತ್ತ ತಿರುಗುತ್ತ ಒಂದರ ಮೇಲೆ ನಿಂತಾಗ ಎದ್ದ ನಗುವನ್ನು ಯಾವ ಹಾಸ್ಯದ ಸಾಲಿನಿಂದಲೂ ನಾನು ಪಡೆಯಲಾಗುತ್ತಿರಲಿಲ್ಲ.

ನನಗೆ ಅತ್ಯಂತ ಪ್ರಿಯವಾದದ್ದು ಜಾಡಿನ ನಿಯಮ. ಬಸವನಹುಳು ನಡೆಯಲು ಲೋಳೆ ಸುರಿಸಬೇಕು, ಆ ಲೋಳೆಗೆ ಅದರ ಶಕ್ತಿಯ ದೊಡ್ಡ ಪಾಲು ಖರ್ಚಾಗುತ್ತದೆ. ಕಡಲತೀರದ ಬಸವನಹುಳುಗಳ ಅಧ್ಯಯನವು, ಇನ್ನೊಂದು ಹುಳುವಿನ ಜಾಡಿನ ಮೇಲೆ ಸಾಗುವಾಗ ಅವು ಕಡಿಮೆ ಲೋಳೆಯಲ್ಲೇ ಕೆಲಸ ಮುಗಿಸುತ್ತವೆ ಎಂದು ತೋರಿಸಿದೆ. ನಾನು ಅದನ್ನೇ ನಿಯಮವಾಗಿಸಿದೆ: ಬೇರೊಂದು ಹುಳುವಿನ ಜಾಡು ಹಿಡಿದು ನಡೆದರೆ 4ರ ಬದಲು 8 ಸೆಂಟಿಮೀಟರ್. ಜಾಡಿಗಾಗಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದು ಬದಿಗೆ ವಾರ್ನಿಷ್ ಬಳಿದಿಟ್ಟುಕೊಂಡಿದ್ದೆ. ದೀಪದ ಬೆಳಕಿನಲ್ಲಿ ಹಸಿರು ಬಯಲಿನ ಮೇಲೆ ಅವು ಬೆಳ್ಳಿಗೆರೆಗಳಂತೆ ಮಿನುಗುತ್ತಿದ್ದವು. ಇದರ ಪರಿಣಾಮವನ್ನು ನಾನು ಊಹಿಸಿರಲಿಲ್ಲ. ಯಾರಿಗೂ ಮುಂದೆ ಹೋಗುವ ಮನಸ್ಸಿಲ್ಲ, ಎಲ್ಲರಿಗೂ ಎರಡನೆಯವರಾಗುವ ಆಸೆ. ಒಂದು ಆಟದಲ್ಲಿ ಅಜ್ಜಿಯೊಬ್ಬರೂ ಅವರ ಮೊಮ್ಮಗನೂ ಒಂದೇ ಕಡೆಯ ದಳಪತಿಗಳಾಗಿದ್ದರು.

"ಅಜ್ಜಿ, ನೀನೇ ಮುಂದೆ ಹೋಗು, ನಾನು ಹಿಂದಿದ್ದು ಕಾಯ್ತೀನಿ."

"ಕಾಯೋದೇನೂ ಬೇಡ ಕಣೋ. ನೀನು ನಡಿ, ನಿನ್ನ ಹಿಂದೆ ನಾನು ಬರ್ತೀನಿ."

ಹೀಗೆ ಮೂರು ಸುತ್ತು ಕಳೆದವು. ಎದುರು ಪಕ್ಷದಲ್ಲೂ ಅದೇ ಉಪಚಾರ ನಡೆದಿತ್ತು. ಎರಡು ದೊಡ್ಡ ಸೈನ್ಯಗಳು ಕತ್ತಿ ಹಿರಿದು, ಬಾವುಟ ಎತ್ತಿ, ಇದ್ದಲ್ಲಿಯೇ ನಿಂತಿದ್ದವು. ಪಕ್ಕದ ಮೇಜುಗಳವರು ತಮ್ಮ ಆಟ ಬಿಟ್ಟು ನೋಡಲು ಬಂದರು. ಕೊನೆಗೆ ಅಜ್ಜಿಯೇ ಹೊರಟರು. ಮೊಮ್ಮಗ ಅವರ ಜಾಡಿನಲ್ಲಿ ಸಾಗಿ, ಎರಡೇ ಸುತ್ತಿನಲ್ಲಿ ಅವರನ್ನು ದಾಟಿ, ತಾನೇ ಮುಂದಾಳಾಗಿಬಿಟ್ಟ. ಈಗ ಅವನ ಜಾಡು ಅಜ್ಜಿಯದಾಯಿತು. ನನ್ನ ಒಂದು ಪುಟದ ನಿಯಮಾವಳಿಯಲ್ಲಿ ಇದರ ಸುಳಿವೇ ಇರಲಿಲ್ಲ. ಇದ್ದದ್ದು ಎರಡು ಅಂಕಿ ಮಾತ್ರ, ನಾಲ್ಕು ಮತ್ತು ಎಂಟು.

ಇದಕ್ಕೆ ಹೋಲಿಸಿದರೆ ನಾನು ಕೈಯಾರೆ ಬರೆದ ತಮಾಷೆಗಳ ಗತಿ ಬೇರೆಯಾಯಿತು. ಮೊದಲ ಎರಡು ವರ್ಷ ಇಪ್ಪತ್ತು ವಿನೋದದ ಚೀಟಿಗಳಿದ್ದವು. ಪ್ರತಿ ಚೀಟಿಯಲ್ಲಿ ಒಂದು ಚಟಾಕಿ, ಒಂದು ಚಿಕ್ಕ ಫಲ. ಮೊದಲ ಸಲ ಓದಿದವರು ನಕ್ಕರು, ಎರಡನೆಯ ಸಲ ಫಲವನ್ನಷ್ಟೇ ಓದಿದರು. ದಾಳಿಗೆ ಮುನ್ನ ಆಟಗಾರ ಯುದ್ಧಘೋಷವನ್ನು ಬಸವನಹುಳುವಿನ ನಿಧಾನದಲ್ಲಿ ಕೂಗಬೇಕೆಂಬ ನಿಯಮವೂ ಇತ್ತು. ಗಟ್ಟಿ ದನಿಯವರಿಗೆ ಅದು ಹಬ್ಬ. ಆದರೆ ಒಂದು ಮಧ್ಯಾಹ್ನ, ಮಾತು ಕಡಿಮೆಯ ಯುವಕನೊಬ್ಬ ತನ್ನ ದಳ ಶತ್ರುವಿನಿಂದ ಒಂದು ಹೆಜ್ಜೆ ದೂರದಲ್ಲಿದ್ದರೂ ದಾಳಿ ಮಾಡದೆ ಸುಮ್ಮನೆ ನಿಂತಿದ್ದನ್ನು ಕಂಡೆ. ಕೂಗಲು ಸಂಕೋಚವಾಗಿ ಅವನು ಗೆಲುವನ್ನೇ ಬಿಟ್ಟುಕೊಟ್ಟಿದ್ದ. ಆ ಸಂಜೆಯೇ ನಿಯಮವನ್ನು ಹೊಡೆದುಹಾಕಿದೆ, ಚೀಟಿಗಳನ್ನೂ ಜೊತೆಗೆ. ನಗಬೇಕೆಂದು ಯಾರ ಮೇಲೂ ಒತ್ತಾಯ ಹೇರಬಾರದು. ಇದನ್ನು ನಾನು ಇಂದಿಗೂ ಗಟ್ಟಿಯಾಗಿ ನಂಬುತ್ತೇನೆ.

ಫಿರಂಗಿಯ ವಿಚಾರದಲ್ಲಿ ಹಳೆಯ ಮಾದರಿಯೊಂದು ನನ್ನ ಮುಂದಿತ್ತು. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ ಪ್ರಕಟಿಸಿದ ಬೊಂಬೆಸೈನಿಕರ ಆಟದಲ್ಲಿ ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಮರದ ತುಂಡುಗಳನ್ನು ನಿಜವಾಗಿಯೇ ಹಾರಿಸಿ ಸೈನಿಕರನ್ನು ಉರುಳಿಸುತ್ತಿದ್ದರು. ನನ್ನ ಚಿಪ್ಪುಗಳು ಅಂಥ ಏಟು ತಾಳಲಾರವು. ಬಸವನಹುಳುವಿಗೆ ನಿಜವಾದ ಶತ್ರು ಉಪ್ಪು ತಾನೇ? ಹಾಗಾಗಿ ನನ್ನ ಫಿರಂಗಿ ಉಪ್ಪನ್ನು ಉಗುಳಿತು. ಗುಂಡು ಬಿದ್ದಲ್ಲಿ ನಾಣ್ಯದಗಲದ ಬಿಳಿ ಮಚ್ಚೆ ಹಾಕುತ್ತಿದ್ದೆ, ಅದನ್ನು ಯಾವ ಹುಳುವೂ ದಾಟುವಂತಿಲ್ಲ. ನಿಜವಾದ ಉಪ್ಪು ಜನ ತುಂಬಿದ ಸಭಾಂಗಣದ ತೇವಕ್ಕೆ ಕರಗಿ ನೆಲಹಾಸಿನ ಬಣ್ಣ ಕೆಡಿಸಿದ್ದರಿಂದ ಮುಂದೆ ಅಮೃತಶಿಲೆಯ ಪುಡಿ ಬಳಸಿದೆ. ಉಪ್ಪಿಗೆ ಮದ್ದು ಮಳೆ: ಪ್ರತಿ ಸುತ್ತಿನ ಕೊನೆಗೆ ಎರಡು ದಾಳ ಉರುಳಿಸಿ ಹನ್ನೊಂದೋ ಹನ್ನೆರಡೋ ಬಿದ್ದರೆ ಮಳೆ. ಸುತ್ತಿಗೆ ಹನ್ನೆರಡರಲ್ಲಿ ಒಂದು ಸಂಭವವಾದರೂ, ಹದಿನೇಳು ಸುತ್ತುಗಳಲ್ಲಿ ಲೆಕ್ಕ ಹಾಕಿದರೆ ಸುಮಾರು ನಾಲ್ಕರಲ್ಲಿ ಮೂರು ಆಟಗಳು ಒಮ್ಮೆಯಾದರೂ ಮಳೆ ಕಾಣುತ್ತವೆ. ಮಳೆ ಉಪ್ಪನ್ನು ತೊಳೆಯುತ್ತದೆ, ಜೊತೆಗೆ ಜಾಡುಗಳನ್ನೂ ತೊಳೆಯುತ್ತದೆ. ಮಳೆ ಬರಲಿ ಎಂದು ಒಂದು ಸುತ್ತಿನಲ್ಲಿ ಹಾತೊರೆದವರೇ ಮುಂದಿನ ಸುತ್ತಿನಲ್ಲಿ ಬೇಡವೆಂದು ದಾಳದತ್ತ ಕೈ ಜೋಡಿಸುತ್ತಿದ್ದರು.

ಇಲ್ಲಿಯೇ ನನ್ನಿಂದ ಒಂದು ತಪ್ಪು ನಡೆಯಿತು, ಅದನ್ನು ಮರೆಮಾಚದೆ ಹೇಳಬೇಕು. ಒಂದು ಆಟದ ಕೊನೆಯ ಸುತ್ತಿನಲ್ಲಿ ಮಳೆ ಬಂದರೆ ದೃಶ್ಯ ಸೊಗಸಾಗುತ್ತದೆ ಎನಿಸಿ, ಪರದೆಯ ಹಿಂದೆ ಉರುಳಿಸಿದ ದಾಳದಲ್ಲಿ ಒಂಬತ್ತು ಬಿದ್ದಿದ್ದರೂ ಹನ್ನೊಂದು ಎಂದು ಘೋಷಿಸಿದೆ. ಪಕ್ಕದಲ್ಲಿ ನಿಂತಿದ್ದ ಆಟಗಾರ್ತಿಯೊಬ್ಬರು ಅದನ್ನು ಕಂಡರು. ಅವರು ಜಗಳ ಮಾಡಲಿಲ್ಲ. "ಹಾಗಾದರೆ ನಾವು ಇಷ್ಟು ಹೊತ್ತು ಲೆಕ್ಕ ಹಾಕಿದ್ದು ಯಾಕೆ?" ಎಂದು ಮೆಲ್ಲಗೆ ಕೇಳಿದರು. ಈ ಪ್ರಶ್ನೆ ಯುದ್ಧದಾಟದಷ್ಟೇ ಹಳೆಯದು. ಪ್ರಶ್ಯಾದ ಸೇನೆಯಲ್ಲಿ ರೈಸ್‌ವಿಟ್ಸ್ 1824ರಲ್ಲಿ ರೂಪಿಸಿದ ಆಟವು ದಾಳಗಳನ್ನೂ ನಷ್ಟದ ಕೋಷ್ಟಕಗಳನ್ನೂ ನಂಬಿತ್ತು. 1876ರಲ್ಲಿ ಅದೇ ಸೇನೆಯ ವೆರ್ಡಿ ದು ವೆರ್ನುವಾ ಅವನ್ನೆಲ್ಲ ಬದಿಗಿಟ್ಟು ಅನುಭವಿ ತೀರ್ಪುಗಾರನ ವಿವೇಚನೆಗೇ ಎಲ್ಲವನ್ನೂ ಒಪ್ಪಿಸಬೇಕೆಂದರು. ಸೇನಾಧಿಕಾರಿಗಳ ತರಬೇತಿಗೆ ಅದು ಸರಿಯಿರಬಹುದು, ಏಕೆಂದರೆ ಅಲ್ಲಿ ತೀರ್ಪುಗಾರ ನಿಜವಾದ ಯುದ್ಧ ಕಂಡವನಾಗಿರುತ್ತಾನೆ. ಬಸವನಹುಳುಗಳ ಯುದ್ಧವನ್ನು ಕಂಡವರು ಯಾರೂ ಇಲ್ಲ. ಅಲ್ಲಿ ದಾಳವೊಂದೇ ಸಾಕ್ಷಿ. ಆ ದಿನದಿಂದ ಪರದೆ ತೆಗೆದೆ, ಮಳೆಯ ದಾಳವನ್ನು ಆಟಗಾರರ ಕೈಗೇ ಕೊಟ್ಟೆ.

ಇನ್ನೊಂದು ತೊಡಕು, ಬೇಗ ಸೋತವರದು. ಆಟ ಮುಗಿಯಲು ಇನ್ನೂ ಬಹಳ ಹೊತ್ತಿರುವಾಗಲೇ ಆರೂ ಸವಾರರನ್ನು ಕಳೆದುಕೊಂಡವರು ಮುಂದೆ ಏನು ಮಾಡಬೇಕು? ಥ್ರಶ್ ಎಂಬ ಹಾಡುಹಕ್ಕಿ ಬಸವನಹುಳುವನ್ನು ಕೊಕ್ಕಿನಲ್ಲಿ ಕಚ್ಚಿ, ತನಗೆ ರೂಢಿಯಾದ ಕಲ್ಲಿನ ಬಳಿಗೆ ಒಯ್ದು, ಅಲ್ಲಿ ಬಡಿದು ಚಿಪ್ಪು ಒಡೆಯುತ್ತದೆ. ಸೋತವರಿಗೆ ನಾನು ಆ ಹಕ್ಕಿಯನ್ನು ಕೊಟ್ಟೆ. ಅದು ಯಾರ ಪಕ್ಷಕ್ಕೂ ಸೇರಿದ್ದಲ್ಲ. ಸುತ್ತಿಗೊಮ್ಮೆ ಎಲ್ಲಿ ಬೇಕಾದರೂ ಇಳಿದು ಒಂದು ಹುಳುವನ್ನು ಎತ್ತಿ, ಮೇಜಿನ ಮೂಲೆಯ ಚಪ್ಪಟೆ ಕಲ್ಲಿನ ಕಡೆಗೆ ಹಾರಬಹುದು. ಕಲ್ಲು ತಲುಪಲು ಎರಡು ಸುತ್ತು ಬೇಕು, ಅಷ್ಟರಲ್ಲಿ ಸವಾರ ಪ್ರತಿ ಸುತ್ತೂ ಆರು ಉರುಳಿಸಿ ಬಿಡಿಸಿಕೊಳ್ಳಲು ಯತ್ನಿಸಬಹುದು. ಬಿಡಿಸಿಕೊಂಡವನು ಹಕ್ಕಿ ಆಗ ಇದ್ದ ಜಾಗದಲ್ಲೇ ಬೀಳುತ್ತಾನೆ, ಬಹಳ ಸಲ ಶತ್ರುಗಳ ನಟ್ಟನಡುವೆ. ಸೋತ ಆಟಗಾರನ ಮುಂದೆ ಗೆದ್ದವರೆಲ್ಲ ವಿನಯದಿಂದ ಮಾತನಾಡತೊಡಗಿದರು. ಈ ಒಂದು ಬದಲಾವಣೆಯ ಬಗ್ಗೆ ನನಗೆ ನಿಜವಾದ ಹೆಮ್ಮೆಯಿದೆ.

ಹನ್ನೊಂದನೆಯ ವರ್ಷದ ಕೊನೆಯ ಆಟದಲ್ಲಿ ಮಳೆ ಎರಡು ಸಲ ಬಂತು, ಹದಿನೇಳನೆಯ ಸುತ್ತು ಮುಗಿದಾಗ ಎರಡೂ ಕಡೆ ಐದೈದು ಸವಾರರು ಉಳಿದಿದ್ದರು. ಬೊಂಬೆಗಳನ್ನು ಸ್ಪಂಜಿನ ಗುಳಿಗಳಲ್ಲಿ ಜೋಡಿಸುವಾಗ ಎಂಟು ಆಟಗಾರರೂ ನಿಂತು ಕೈಜೋಡಿಸಿದರು. ಅವರಲ್ಲೊಬ್ಬರು ಒಂದು ಚಿಪ್ಪಿನ ಅಂಚಿನಲ್ಲಿದ್ದ ಹಳೆಯ ಬಿರುಕನ್ನು ಬೆರಳಿನಿಂದ ಸವರಿ ನೋಡಿ, ಇದು ಯಾವ ಯುದ್ಧದ ಗಾಯವೆಂದು ಕೇಳಿದರು. ಮೂರನೆಯ ವರ್ಷ, ಕಲ್ಲಿನ ಬಳಿ ಹಕ್ಕಿಯ ಬಾಯಿಂದ ತಪ್ಪಿಸಿಕೊಂಡದ್ದು ಎಂದು ಹೇಳಿದೆ. ಅವರು ಅದನ್ನು ಮೊದಲ ಗುಳಿಯಲ್ಲಿಟ್ಟು ಮುಚ್ಚಳ ಹಾಕಿದರು.