ಎದೆಯ ನಳಿಕೆ ಮತ್ತು ನೋವು

ಕೇಳುಗರಿಗೆ ನಮಸ್ಕಾರ. ಶ್ವಾಸಕೋಶದ ಶಸ್ತ್ರಚಿಕಿತ್ಸೆಯಾದವರನ್ನು ನೋಡಲು ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಯ ದವಾಖಾನೆಗಳಿಗೆ ಬರುವ ಬಂಧುಗಳ ಕಣ್ಣು ಮೊದಲು ಬೀಳುವುದು, ರೋಗಿಯ ಪಕ್ಕೆಯಿಂದ ಹೊರಟು ಮಂಚದ ಕೆಳಗಿನ ಬಾಟಲಿಗೆ ಇಳಿದಿರುವ ನಳಿಕೆಯ ಮೇಲೆ. "ಗಾಯ ಇಷ್ಟ ಸಣ್ಣದೈತಿ, ನೋವ್ಯಾಕ ಇಷ್ಟ ಐತ್ರಿ?" ಎಂದು ಅವರು ಕೇಳುತ್ತಾರೆ. ಕ್ಯಾಮೆರಾದ ನೆರವಿನಿಂದ ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯ ನಂತರ ಉಳಿಯುವ ನೋವಿನಲ್ಲಿ ಈ ನಳಿಕೆಯ ಪಾಲು ದೊಡ್ಡದು.

ಶ್ವಾಸಕೋಶದ ಕೊಯ್ದ ಭಾಗದಿಂದ ಗಾಳಿ ಸೋರಬಹುದು, ರಕ್ತಮಿಶ್ರಿತ ನೀರು ಜಿನುಗುತ್ತದೆ. ಇವು ಎದೆಯಲ್ಲೇ ನಿಂತರೆ ಶ್ವಾಸಕೋಶ ಹಿಗ್ಗಲಾರದು. ನಳಿಕೆಯ ತುದಿ ಬಾಟಲಿಯ ನೀರಿನೊಳಗೆ ಮುಳುಗಿರುವುದರಿಂದ ಗಾಳಿ ಹೊರಗೆ ಹೋಗುತ್ತದೆ, ಮರಳಿ ಒಳಗೆ ಬರುವುದಿಲ್ಲ. ಉಸಿರಾಟದೊಂದಿಗೆ ನಳಿಕೆಯಲ್ಲಿ ನೀರು ಏರಿಳಿದರೆ ಗಾಬರಿ ಬೇಡ. ದಾರಿ ತೆರೆದಿದೆ ಎಂದು ಅದರ ಅರ್ಥ.

ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಸಾಗುತ್ತದೆ. ಅದನ್ನು ತಪ್ಪಿಸಲೆಂದೇ ವೈದ್ಯರು ಕೆಳಗಿನ ಎಲುಬಿನ ಮೇಲಂಚಿಗೆ ಹೊಂದಿಸಿ ನಳಿಕೆ ಹಾಕುತ್ತಾರೆ. ಆದರೂ ಸಂದು ಕಿರಿದಾಗಿರುವುದರಿಂದ ದಪ್ಪ, ಗಡುಸಾದ ನಳಿಕೆ ಪ್ರತಿ ಉಸಿರಿಗೂ ಆ ನರವನ್ನು ಒತ್ತುತ್ತದೆ, ಎದೆಗೂಡಿನ ಒಳಪೊರೆಯನ್ನು ಉಜ್ಜುತ್ತದೆ. ನಳಿಕೆಯ ಅಳತೆಯನ್ನು ಫ್ರೆಂಚ್ ಎಂಬ ಮಾನದಲ್ಲಿ ಹೇಳುತ್ತಾರೆ; 3 ಫ್ರೆಂಚ್ ಎಂದರೆ 1 ಮಿಲಿಮೀಟರ್. 28ರ ನಳಿಕೆ 9 ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪ, 16ರದ್ದು 5ಕ್ಕಿಂತ ತುಸು ಹೆಚ್ಚು.

ಹಾಗಾದರೆ ಎಲ್ಲರಿಗೂ ಸಣ್ಣದನ್ನೇ ಏಕೆ ಹಾಕಬಾರದು? ಉಳಿದೆಲ್ಲವೂ ಸಮನಾಗಿದ್ದರೆ, ನಳಿಕೆಯ ಒಳಅಗಲ ಅರ್ಧಕ್ಕಿಳಿದಾಗ ಅದರಲ್ಲಿ ಹರಿಯುವ ದ್ರವ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಹೆಪ್ಪುಗಟ್ಟಿದ ರಕ್ತ, ಕ್ಷಯದಂಥ ಸೋಂಕಿನ ಗಟ್ಟಿ ಕೀವು ಅದನ್ನು ಕಟ್ಟಿಸಿಬಿಡಬಹುದು. ಅಂಥಲ್ಲಿ ದಪ್ಪ ನಳಿಕೆಯೇ ಸರಿ. ರಕ್ತಸ್ರಾವ ಕಡಿಮೆಯಿದ್ದು, ಸೋಂಕಿಲ್ಲದೆ ಮುಗಿದ ಶಸ್ತ್ರಚಿಕಿತ್ಸೆಗೆ ಮಾತ್ರ, ರೂಢಿಯೆಂಬ ಕಾರಣಕ್ಕೆ ದಪ್ಪ ನಳಿಕೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಸಣ್ಣ ನಳಿಕೆಯಿಂದ ನೋವೇ ಇರದೆಂದು ಭರವಸೆ ಕೊಡಲಾಗದು. ಕ್ಯಾನ್ಸರಿನಿಂದ ಎದೆಯಲ್ಲಿ ನೀರು ತುಂಬಿದವರ ಬಗ್ಗೆ ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ಫ್ರೆಂಚ್‌ಗಿಂತ 12 ಫ್ರೆಂಚ್ ನಳಿಕೆಯವರಿಗೆ ನೋವು ಕಡಿಮೆಯಿತ್ತು. ಅಂತರ ಮಾತ್ರ ಸಣ್ಣದು.

ಆದ್ದರಿಂದ ನರಕ್ಕೆ ಕೊಡುವ ಮರಗಟ್ಟಿಸುವ ಚುಚ್ಚುಮದ್ದು, ಹೊತ್ತಿಗೆ ಸರಿಯಾಗಿ ನೋವಿನ ಗುಳಿಗೆ, ಇವೂ ಅಷ್ಟೇ ಮುಖ್ಯ. ನಮ್ಮ ಹಿರಿಯರು "ತಡಕೊಂಡ್ರಾತು" ಎಂದು ಹಲ್ಲು ಕಚ್ಚಿ ಮಲಗುತ್ತಾರೆ. ನೋವಿಗೆ ಹೆದರಿದವರು ಕೆಮ್ಮುವುದಿಲ್ಲ, ಆಳವಾಗಿ ಉಸಿರೆಳೆಯುವುದಿಲ್ಲ. ಕಫ ಒಳಗೇ ಉಳಿದು ಜ್ವರ, ನ್ಯುಮೋನಿಯಾ ಬರಬಹುದು. ದಯವಿಟ್ಟು ನೋವನ್ನು ನರ್ಸಮ್ಮನವರಿಗೆ ಹೇಳಿರಿ. ಪಕ್ಕೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿರಿ. ವೈದ್ಯರು ಒಪ್ಪಿದ ಮೇಲೆ, ಬಾಟಲಿಯನ್ನು ಎದೆಯ ಮಟ್ಟಕ್ಕಿಂತ ಕೆಳಗೆ ಹಿಡಿದು ನಡೆದಾಡಿರಿ.

ಗಾಳಿ ಸೋರುವುದು ನಿಂತು, ದಿನದಲ್ಲಿ ಇಳಿಯುವ ನೀರು ಕಡಿಮೆಯಾದ ಮೇಲೆ ನಳಿಕೆಯನ್ನು ತೆಗೆಯುತ್ತಾರೆ. ಆ ಕ್ಷಣದಲ್ಲಿ ಉಸಿರು ಹಿಡಿಯಲು ಹೇಳುತ್ತಾರೆ, ತಪ್ಪದೆ ಪಾಲಿಸಿರಿ. ಊರಿಗೆ ಮರಳಿದ ಮೇಲೆ ಪಕ್ಕೆಯ ಉದ್ದಕ್ಕೂ ಕೆಲವು ವಾರ ಜೋಮು ಅಥವಾ ಉರಿ ಇರಬಹುದು. ಆದರೆ ಒಮ್ಮೆಲೇ ಏದುಸಿರು ಬಂದರೆ, ಜ್ವರ ಏರಿದರೆ ಅಥವಾ ಗಾಯದಿಂದ ಕೀವು ಸೋರಿದರೆ, ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ಅಂದೇ ದವಾಖಾನೆಗೆ ಬನ್ನಿರಿ.