ಆರ್‌ವಿ ಬಿಡಾರದಲ್ಲಿರಲಿ, ನೀವು ಕಾರಿನಲ್ಲಿ ಹೊರಡಿ: ಬ್ಲ್ಯಾಕ್ ಹಿಲ್ಸ್‌ನ ಒಂದು ದಿನ

[ದೃಶ್ಯ: ಬಂಡೆಯಲ್ಲಿ ಕೊರೆದ ಕಿರಿದಾದ ಸುರಂಗ, ಪಕ್ಕದಲ್ಲಿ ಅಳತೆಯ ಫಲಕ]

8 ಅಡಿ ಅಗಲ, 9 ಅಡಿ 9 ಅಂಗುಲ ಎತ್ತರ. ಅಮೆರಿಕದ ಸೌತ್ ಡಕೋಟ ರಾಜ್ಯದಲ್ಲಿರುವ ನೀಡಲ್ಸ್ ಐ ಸುರಂಗದ ಅಳತೆ ಇದು. ಆರ್‌ವಿ ಎಂದು ಕರೆಯುವ ಮನೆಯಂಥ ವಾಹನಗಳಲ್ಲಿ ದೊಡ್ಡದಾದ ಮೋಟಾರ್‌ಹೋಮ್‌ನ ಮೈಯ ಅಗಲವೇ ಎಂಟೂವರೆ ಅಡಿ ಇರುತ್ತದೆ, ಎತ್ತರ 12 ಅಡಿಯ ಆಸುಪಾಸು. ಹೀಗಾಗಿ ಅಡುಗೆಮನೆ, ಹಾಸಿಗೆ, ಬಚ್ಚಲನ್ನೆಲ್ಲ ಚಕ್ರದ ಮೇಲೆ ಹೇರಿಕೊಂಡು ಪ್ರವಾಸ ಹೊರಟ ಗಂಡ ಹೆಂಡತಿ ಇಲ್ಲಿಗೆ ಬಂದಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಆ ಮನೆಯನ್ನು ಒಂದು ಕಡೆ ನಿಲ್ಲಿಸಿ ಕೆಳಗಿಳಿಯುವುದು.

ನಮಸ್ಕಾರ. ಇವತ್ತಿನ ವಿಡಿಯೋದಲ್ಲಿ ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲಿನ ಕಸ್ಟರ್ ಸ್ಟೇಟ್ ಪಾರ್ಕ್‌ನಲ್ಲಿ ಇಬ್ಬರು ಒಂದು ದಿನವನ್ನು ಹೇಗೆ ಕಳೆಯಬಹುದು ಎಂದು ವಿವರಿಸುತ್ತೇನೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಪ್ರದೇಶ ಹೊಸದಲ್ಲ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಮೌಂಟ್ ರಷ್ಮೋರ್‌ಗೆ ಕರೆದುಕೊಂಡು ಹೋಗಿ, ಬೆಟ್ಟದ ಬಂಡೆಯಲ್ಲಿ ಕೆತ್ತಿದ ನಾಲ್ಕು ಅಧ್ಯಕ್ಷರ ಮುಖಗಳ ಮುಂದೆ ಫೋಟೊ ತೆಗೆಸಿ ಹಿಂದಿರುಗುವವರು ಬಹಳ ಮಂದಿ. ಆ ಮುಖಗಳಿಗಿಂತ ಅಲ್ಲಿಗೆ ಹೋಗುವ ದಾರಿಯೇ ನನಗೆ ಹೆಚ್ಚು ಇಷ್ಟ.

[ದೃಶ್ಯ: ನಕ್ಷೆ; ಬ್ಲೂ ಬೆಲ್‌ನಿಂದ ಹೊರಟು ಒಂದು ಸುತ್ತು ಹಾಕಿ ಅಲ್ಲಿಗೇ ಮರಳುವ ಗೆರೆ]

ಪಾರ್ಕ್‌ನ ದಕ್ಷಿಣ ಭಾಗದ ಬ್ಲೂ ಬೆಲ್ ಶಿಬಿರದಲ್ಲಿ ಆರ್‌ವಿ ನಿಲ್ಲಿಸಿ ವಿದ್ಯುತ್ ಸಂಪರ್ಕ ಕೊಟ್ಟುಬಿಡಿ. ಸ್ವಂತ ಮೋಟಾರ್‌ಹೋಮ್ ಇರುವವರು ಸಾಮಾನ್ಯವಾಗಿ ಹಿಂದೆ ಒಂದು ಸಣ್ಣ ಕಾರನ್ನು ಕಟ್ಟಿಕೊಂಡೇ ಬರುತ್ತಾರೆ. ಬಾಡಿಗೆ ಆರ್‌ವಿಯಲ್ಲಿ ಬಂದಿದ್ದರೆ ರ‍್ಯಾಪಿಡ್ ಸಿಟಿಯಲ್ಲಿ ಕಾರೊಂದನ್ನು ಗೊತ್ತುಮಾಡಿಕೊಳ್ಳಿ. ಆ ಖರ್ಚಿಗೆ ಹಿಂಜರಿಯಬೇಡಿ.

ಬೆಳಗ್ಗೆ ಬೇಗ ಎದ್ದು ವೈಲ್ಡ್‌ಲೈಫ್ ಲೂಪ್ ರಸ್ತೆ ಹಿಡಿಯಿರಿ. ಸುಮಾರು 29 ಕಿಲೋಮೀಟರ್ ಉದ್ದದ ಈ ರಸ್ತೆ ಹುಲ್ಲುಗಾವಲಿನ ಏರಿಳಿತಗಳಲ್ಲಿ ಸಾಗುತ್ತದೆ. ಬೈಸನ್‌ಗಳ ಹಿಂಡು ರಸ್ತೆಗೆ ಅಡ್ಡ ನಿಂತರೆ ಎಂಜಿನ್ ಆರಿಸಿ ಕಾಯುವುದೊಂದೇ ದಾರಿ. ಗಂಡು ಬೈಸನ್ 900 ಕಿಲೋ ತೂಗುತ್ತದೆ, ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ದಯವಿಟ್ಟು ಫೋಟೊಗಾಗಿ ಕಾರಿನಿಂದ ಇಳಿಯಬೇಡಿ. ಈ ಹಿಂಡಿನ ಮೂಲ 1914ರಲ್ಲಿ ಸ್ಕಾಟಿ ಫಿಲಿಪ್ ಎಂಬ ದನಗಾರನ ಹಿಂಡಿನಿಂದ ಕೊಂಡುತಂದ 36 ಬೈಸನ್‌ಗಳು. ಕೋಟಿಗಟ್ಟಲೆ ಇದ್ದ ಪ್ರಾಣಿಯನ್ನು ಬೇಟೆಯಾಡಿ ಮುಗಿಸಿದ್ದ ಕಾಲದಲ್ಲಿ ಕೆಲವನ್ನಾದರೂ ಉಳಿಸಿಕೊಂಡವರಲ್ಲಿ ಆತನೂ ಒಬ್ಬ. ಇಂದು ಪಾರ್ಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಬೈಸನ್‌ಗಳಿವೆ. ಪ್ರತಿ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಕುದುರೆ ಸವಾರರು ಅವನ್ನೆಲ್ಲ ಒಟ್ಟುಗೂಡಿಸಿ ದೊಡ್ಡಿಗೆ ತರುತ್ತಾರೆ. ಅದೇ ರಸ್ತೆಯಲ್ಲಿ ಕಾರಿನ ಕಿಟಕಿಗೆ ಮೂತಿ ಒಡ್ಡುವ ಕತ್ತೆಗಳೂ ಇವೆ. ಹಿಂದೆ ಪ್ರವಾಸಿಗರನ್ನು ಬೆಟ್ಟದ ತುದಿಗೆ ಹೊತ್ತೊಯ್ಯುತ್ತಿದ್ದ ಕತ್ತೆಗಳ ಸಂತತಿ ಅವು.

[ದೃಶ್ಯ: ಮರದ ಸೇತುವೆ, ರಸ್ತೆ ತನ್ನ ಕೆಳಗೆ ತಾನೇ ಸುತ್ತಿಕೊಂಡು ಹಾಯುತ್ತದೆ]

ಅಲ್ಲಿಂದ ಉತ್ತರಕ್ಕೆ ಐರನ್ ಮೌಂಟನ್ ರಸ್ತೆ. 27 ಕಿಲೋಮೀಟರ್‌ನಲ್ಲಿ 314 ತಿರುವುಗಳು! ಈ ರಸ್ತೆಯ ಹಿಂದಿರುವ ಮನುಷ್ಯ ಪೀಟರ್ ನಾರ್ಬೆಕ್. ರಾಜ್ಯದ ಗವರ್ನರ್ ಆಗಿದ್ದವರು, ಆಮೇಲೆ ಸೆನೆಟರ್ ಆದವರು. ಅವರು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ ಬೆಟ್ಟವೆಲ್ಲ ಅಲೆದು, ಎಲ್ಲಿ ನೋಟ ಚೆನ್ನಾಗಿದೆಯೋ ಅಲ್ಲಿಗೆ ರಸ್ತೆಯನ್ನು ಎಳೆದರು. ಸಾಮಾನ್ಯವಾಗಿ ಎಂಜಿನಿಯರುಗಳು ಹತ್ತಿರದ ದಾರಿ ಹುಡುಕುತ್ತಾರೆ, ನಾರ್ಬೆಕ್ ಹುಡುಕಿದ್ದು ಚಂದದ ದಾರಿಯನ್ನು. 1933ರಲ್ಲಿ ಪೂರ್ಣಗೊಂಡ ಈ ರಸ್ತೆಯಲ್ಲಿ ಒಂದೊಂದು ಸುರಂಗದ ಬಾಯಿಯಿಂದಲೂ ದೂರದ ಮೌಂಟ್ ರಷ್ಮೋರ್ ಚೌಕಟ್ಟಿನೊಳಗೆ ಕೂರಿಸಿದಂತೆ ಕಾಣುತ್ತದೆ. ಉತ್ತರಕ್ಕೆ ಹೋಗುವಾಗ ಮಾತ್ರ ಈ ನೋಟ ಎದುರಿಗೆ ಸಿಗುತ್ತದೆ, ಆದ್ದರಿಂದ ದಿಕ್ಕು ತಪ್ಪಿಸಬೇಡಿ. ಕಡಿದಾದ ಇಳಿಜಾರಿನಲ್ಲಿ ಮರದ ದಿಮ್ಮಿಗಳ ಸೇತುವೆಗಳು ರಸ್ತೆಯನ್ನು ಸುರುಳಿ ಸುತ್ತಿಸಿ ಇಳಿಸುತ್ತವೆ. ಅವನ್ನು ರೂಪಿಸಿದವರು ಸಿ. ಸಿ. ಗಿಡಿಯನ್. ಇಲ್ಲಿನ ನೋಟಕ್ಕೆ ಅರ್ಧ ನ್ಯಾಯ ಸಲ್ಲಬೇಕಾದರೆ ಗಂಟೆಗೆ 20 ಮೈಲಿಯೊಳಗೆ ಹೋಗಬೇಕು, ಪೂರ್ತಿ ನ್ಯಾಯ ಸಲ್ಲಬೇಕಾದರೆ ಇಳಿದು ನಡೆಯಬೇಕು ಎನ್ನುವುದು ನಾರ್ಬೆಕ್ ಅವರ ಅಭಿಪ್ರಾಯವಾಗಿತ್ತು. ನನ್ನದೂ ಅದೇ. ದಾರಿಯುದ್ದಕ್ಕೂ ನಿಲ್ಲಲು ಜಾಗಗಳಿವೆ. ಸ್ಟಿಯರಿಂಗ್ ಹಿಡಿದವರಿಗೆ ತಿರುವು ಬಿಟ್ಟು ಬೇರೇನೂ ಕಾಣುವುದಿಲ್ಲ, ಹಾಗಾಗಿ ಅರ್ಧ ದಾರಿಯಲ್ಲಿ ಇಬ್ಬರೂ ಸೀಟು ಬದಲಿಸಿಕೊಳ್ಳಿ.

ರಷ್ಮೋರ್ ದಾಟಿ, ಸಿಲ್ವನ್ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು, ನೀಡಲ್ಸ್ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿಯಿರಿ. ಸೂಜಿಗಳಂತೆ ಎದ್ದು ನಿಂತ ಗ್ರಾನೈಟ್ ಶಿಖರಗಳ ನಡುವೆ 1922ರಲ್ಲಿ ಮುಗಿದ ರಸ್ತೆ ಇದು. ಇಲ್ಲಿ ರಸ್ತೆ ಸಾಧ್ಯವೇ ಎಂದು ನಾರ್ಬೆಕ್ ಕೇಳಿದಾಗ, ಸಾಕಷ್ಟು ಡೈನಮೈಟ್ ಕೊಟ್ಟರೆ ಸಾಧ್ಯ ಎಂದು ಎಂಜಿನಿಯರ್ ಸ್ಕೋವೆಲ್ ಜಾನ್ಸನ್ ಉತ್ತರಿಸಿದರಂತೆ. ಆರಂಭದಲ್ಲಿ ಹೇಳಿದ ಸುರಂಗ ಈ ದಾರಿಯಲ್ಲೇ ಇದೆ.

ಇಷ್ಟು ಸುಂದರವಾದ ನೆಲ ಯಾರದು ಎಂಬುದನ್ನೂ ಹೇಳಬೇಕು. ಬ್ಲ್ಯಾಕ್ ಹಿಲ್ಸ್ ಇಲ್ಲಿನ ಮೂಲನಿವಾಸಿಗಳಾದ ಲಕೋಟ ಬುಡಕಟ್ಟಿನ ಜನರಿಗೆ ಪವಿತ್ರ ಭೂಮಿ. ಅಮೆರಿಕ ಸರ್ಕಾರದೊಂದಿಗಿನ 1868ರ ಒಪ್ಪಂದ ಅದನ್ನು ಅವರಿಗೇ ಬಿಟ್ಟಿತ್ತು. 1874ರಲ್ಲಿ ಕಸ್ಟರ್ ನೇತೃತ್ವದ ಸೇನಾ ತಂಡ ಚಿನ್ನ ಇದೆಯೆಂದು ಸುದ್ದಿ ಹಬ್ಬಿಸಿದ ಮೇಲೆ ಸರ್ಕಾರ ಅದನ್ನು ಕಿತ್ತುಕೊಂಡಿತು. ಆತನ ಹೆಸರೇ ಇಂದು ಪಾರ್ಕ್‌ಗಿದೆ. 1980ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಬೇಕೆಂದು ತೀರ್ಪು ನೀಡಿತು. ಅವರು ಹಣ ಮುಟ್ಟಲಿಲ್ಲ, ನೆಲ ಬೇಕು ಎಂದರು. ಇಂದಿಗೂ ಅದನ್ನೇ ಕೇಳುತ್ತಿದ್ದಾರೆ.

[ದೃಶ್ಯ: ಸಂಜೆ, ಹುಲ್ಲಿನ ಪಿಂಡಿಗಳ ಮೇಲೆ ಜನ ಕುಳಿತ ಬಂಡಿ]

ಸಂಜೆ ಬ್ಲೂ ಬೆಲ್‌ಗೆ ಮರಳಿದರೆ ಕೌಬಾಯ್ ಊಟ ಕಾದಿರುತ್ತದೆ. ಹುಲ್ಲಿನ ಪಿಂಡಿ ಹಾಕಿದ ಬಂಡಿಯಲ್ಲಿ ಕೂರಿಸಿಕೊಂಡು, ತಲೆಗೊಂದು ಟೋಪಿ, ಕೊರಳಿಗೊಂದು ಬಣ್ಣದ ಕರವಸ್ತ್ರ ಕೊಟ್ಟು, ಹಾಡುತ್ತಾ ಕಣಿವೆಗೆ ಕರೆದೊಯ್ಯುತ್ತಾರೆ. ಅಲ್ಲಿ ಬೆಂಕಿಯ ಮೇಲೆ ಬೇಯಿಸಿದ ಊಟ, ಮತ್ತೆ ಗಿಟಾರ್, ಮತ್ತೆ ಹಾಡು.

ಇದು ಪ್ರವಾಸಿಗರಿಗಾಗಿ ಕಟ್ಟಿದ ಪ್ರದರ್ಶನ, ನಿಜ. ಆದರೆ ಇದರಲ್ಲಿನ ಎರಡು ಸಂಗತಿಗಳು ದನಗಾಹಿಗಳ ದುಡಿಮೆಯಿಂದಲೇ ಬಂದವು. ಮೊದಲನೆಯದು ದನಗಳ ಹಿಂಡಿನ ಜೊತೆ ಅಡುಗೆ ಸಾಮಾನು ಹೊತ್ತು ಸಾಗುತ್ತಿದ್ದ ಅಡುಗೆ ಬಂಡಿ. 1866ರಲ್ಲಿ ಟೆಕ್ಸಸ್‌ನ ಚಾರ್ಲ್ಸ್ ಗುಡ್‌ನೈಟ್ ಸೇನೆಯ ಹಳೆಯ ಬಂಡಿಯೊಂದರ ಹಿಂಭಾಗಕ್ಕೆ ಡಬ್ಬಿ ಡ್ರಾಯರುಗಳ ಕಪಾಟು ಕೂರಿಸಿ, ಅದರ ಬಾಗಿಲನ್ನು ಕೆಳಗೆ ಮಡಚಿದರೆ ಮೇಜಾಗುವಂತೆ ಮಾಡಿದ. ನಿಮ್ಮ ಆರ್‌ವಿಯ ಅಡುಗೆಮನೆಯನ್ನು ಒಮ್ಮೆ ನೋಡಿ, ಅದೇ ಉಪಾಯ ಅಲ್ಲಿಯೂ ಇದೆ. ರಾತ್ರಿ ಮಲಗುವ ಮುನ್ನ ಅಡುಗೆಯವನು ಬಂಡಿಯ ಮೂಕಿಯನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಿಡುತ್ತಿದ್ದನಂತೆ, ಬೆಳಗ್ಗೆ ಉತ್ತರ ಯಾವುದೆಂದು ತಿಳಿಯಲಿ ಎಂದು.

ಎರಡನೆಯದು ಹಾಡು. ಎರಡು ಮೂರು ಸಾವಿರ ದನಗಳನ್ನು ಹತ್ತು ಹನ್ನೆರಡು ಮಂದಿ ತಿಂಗಳುಗಟ್ಟಲೆ ಹೊಡೆದುಕೊಂಡು ಹೋಗುತ್ತಿದ್ದರು. ಅವರಲ್ಲಿ ಕಪ್ಪು ವರ್ಣೀಯರೂ ಮೆಕ್ಸಿಕೊ ಮೂಲದವರೂ ದೊಡ್ಡ ಸಂಖ್ಯೆಯಲ್ಲಿದ್ದರು. ರಾತ್ರಿ ಒಂದು ಗುಡುಗು, ಒಂದು ಕೊಂಬೆ ಮುರಿದ ಸದ್ದು ಸಾಕು, ಇಡೀ ಹಿಂಡು ದಿಕ್ಕೆಟ್ಟು ಓಡುತ್ತಿತ್ತು. ಆದ್ದರಿಂದ ಕಾವಲಿನ ಇಬ್ಬರು ಎದುರುಬದುರು ದಿಕ್ಕಿನಲ್ಲಿ ಹಿಂಡನ್ನು ಸುತ್ತುತ್ತಾ, ತಗ್ಗಿದ ದನಿಯಲ್ಲಿ ಹಾಡುತ್ತಿದ್ದರು. ಗೊತ್ತಿರುವ ದನಿ ಕೇಳುತ್ತಿದ್ದರೆ ದನಗಳು ಬೆದರುವುದಿಲ್ಲ. ನಮ್ಮ ಬೀಸುವ ಪದಗಳಂತೆ ಇವೂ ಕೆಲಸದ ಜೊತೆಗೇ ಹುಟ್ಟಿದ ಹಾಡುಗಳು. ಮುಳ್ಳುತಂತಿ ಬೇಲಿ ಮತ್ತು 1886–87ರ ಭೀಕರ ಚಳಿಗಾಲ ಬಯಲು ಮೇವಿನ ಆ ಕಾಲವನ್ನು ಮುಗಿಸಿದವು. ಹಾಡು ಮಾತ್ರ ಉಳಿಯಿತು. ಗಾಯಕ ನಿಧಾನಗತಿಯ ಹಾಡನ್ನು ಎತ್ತಿಕೊಂಡಾಗ ದಯವಿಟ್ಟು ಮೊಬೈಲ್ ಕೆಳಗಿಟ್ಟು ಕೇಳಿ.

[ತೆರೆಯ ಮೇಲೆ: ಹೊರಡುವ ಮುನ್ನ]

ಊಟದಲ್ಲಿ ಮಾಂಸವೇ ಪ್ರಧಾನ, ಹುರುಳಿಕಾಯಿ ಬೀಜದ ಪಲ್ಯದಲ್ಲೂ ಹಂದಿಮಾಂಸ ಇರಬಹುದು. ಸಸ್ಯಾಹಾರಿಗಳು ಸೀಟು ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ. ಸೀಟು ಬೇಗ ಮುಗಿಯುತ್ತದೆ, ಈ ಊಟ ಬೇಸಿಗೆಯಲ್ಲಿ ಮಾತ್ರ ಇರುತ್ತದೆ. ನೀಡಲ್ಸ್ ಹೆದ್ದಾರಿಯನ್ನು ಹಿಮ ಬಿದ್ದ ಮೇಲೆ ಮುಚ್ಚುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಯೋಜನೆ ಹಾಕಿಕೊಳ್ಳಿ, ನಿಮ್ಮ ವಾಹನದ ಅಗಲ ಎತ್ತರಗಳನ್ನು ಬರೆದಿಟ್ಟುಕೊಳ್ಳಿ. ಪ್ರಶ್ನೆಗಳಿದ್ದರೆ ಕೆಳಗೆ ಬರೆಯಿರಿ, ಉತ್ತರಿಸುತ್ತೇನೆ.