ಗುಣಪಡಿಸುತ್ತೇವೆಂಬ ಮಾತಿಗೆ ಹೊಣೆ ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಕ್ರಮಣಕ್ಕೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುವಾಗ, ಅದರ ಬೆನ್ನಿಗೇ ಬಾದಾಮಿಯಲ್ಲಿ ಬನಶಂಕರಿ ಜಾತ್ರೆ ಕೂಡುವಾಗ, ಮೈಕು ಹಿಡಿದು ಸಕ್ಕರೆ ಕಾಯಿಲೆಯನ್ನು ಬೇರುಸಮೇತ ಕೀಳುತ್ತೇವೆ ಎಂದು ಕೂಗುವವರ ಮಾತು ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅದೇ ಭರವಸೆ ಬಸ್ ನಿಲ್ದಾಣದ ಗೋಡೆಯ ಮೇಲೂ ಪತ್ರಿಕೆಯೊಳಗೆ ಮಡಚಿಟ್ಟು ಬರುವ ಕರಪತ್ರದಲ್ಲೂ ಈಚೆಗೆ ಮೊಬೈಲಿನಲ್ಲೂ ಮನೆ ಸೇರುತ್ತಿದೆ. ಹಾಗೆ ಹೇಳುವವರು ಅದನ್ನು ಸಾಬೀತು ಮಾಡಿ ತೋರಿಸಬೇಕೇ, ಇಲ್ಲವೇ ಅದು ಸುಳ್ಳೆಂದು ರೋಗಿಯೇ ಕಂಡುಕೊಳ್ಳಬೇಕೇ ಎಂಬುದು ಇಂದಿನ ವಿಷಯ. ಉದಾಹರಣೆಗೆ ನಾನು ಹೋಮಿಯೋಪತಿಯನ್ನು ಆರಿಸಿಕೊಂಡಿದ್ದೇನೆ. ನಮ್ಮ ಮನೆಗಳಲ್ಲಿ ಅದಕ್ಕೆ ನಂಬಿಕೆಯ ಜಾಗವಿದೆ, ಬೆಳಗಾವಿಯಲ್ಲಿ ಅದನ್ನು ಕಲಿಸುವ ಕಾಲೇಜುಗಳಿವೆ. ಕಾನೂನುಬದ್ಧವಾಗಿ ಓದಿ ನೋಂದಾಯಿಸಿಕೊಂಡ ವೈದ್ಯರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಾನು ಕೇಳುತ್ತಿರುವುದು ಔಷಧದ ಬಗ್ಗೆ.

ಈ ಪದ್ಧತಿಯನ್ನು ರೂಪಿಸಿದವರು ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನೆಮನ್. 1796ರಲ್ಲಿ ಅವರು, ರೋಗದಂಥ ಲಕ್ಷಣವನ್ನು ಹುಟ್ಟಿಸುವ ದ್ರವ್ಯವೇ ಆ ರೋಗವನ್ನು ಗುಣಪಡಿಸುತ್ತದೆಂಬ ತಮ್ಮ ತತ್ವವನ್ನು ಮುಂದಿಟ್ಟ ಕಾಲಕ್ಕೆ ಯುರೋಪಿನ ವೈದ್ಯರು ರೋಗಿಯ ರಕ್ತ ಹರಿಸುತ್ತಿದ್ದರು, ಪಾದರಸ ಕೊಡುತ್ತಿದ್ದರು. ಆ ಚಿಕಿತ್ಸೆಗಿಂತ ಏನನ್ನೂ ಮಾಡದೆ ಬಿಡುವುದೇ ಎಷ್ಟೋ ರೋಗಿಗಳಿಗೆ ಲೇಸಾಗಿತ್ತು. ಆದ್ದರಿಂದ ಹಾನೆಮನ್ನರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಅವರ ಔಷಧದ ಲೆಕ್ಕವನ್ನು ಮಾತ್ರ ಒಪ್ಪಲಾರೆ.

ಸೀಸೆಯ ಮೇಲೆ ಪೊಟೆನ್ಸಿ 30 ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದರ ಅರ್ಥ ಇಷ್ಟು: ಮೂಲ ದ್ರವ್ಯದ ಒಂದು ಪಾಲಿಗೆ 99 ಪಾಲು ಮದ್ಯಸಾರ ಅಥವಾ ನೀರು ಬೆರೆಸಿ ಕುಲುಕುತ್ತಾರೆ, ಅದರಿಂದ ಒಂದು ಪಾಲು ತೆಗೆದು ಮತ್ತೆ 99 ಪಾಲು ಬೆರೆಸುತ್ತಾರೆ, ಹೀಗೆ 30 ಸಲ. ನಮ್ಮ ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಅಷ್ಟು ನೀರಿಗೆ ಒಂದೇ ಹನಿ ಔಷಧ ಹಾಕಿ ಕಲಕಿದರೆ ನಾವು ತಲುಪುವುದು ಹೆಚ್ಚುಕಡಿಮೆ ಎಂಟನೆಯ ಸುತ್ತನ್ನು. ಇನ್ನೂ 22 ಸುತ್ತು ಬಾಕಿ, ಪ್ರತಿ ಸುತ್ತಿಗೂ ನೂರು ಪಟ್ಟು ತೆಳುವು. ಇಷ್ಟು ದ್ರವ್ಯದಲ್ಲಿ ಇಷ್ಟು ಅಣುಗಳಿರುತ್ತವೆಂದು ಲೆಕ್ಕ ಹಾಕಲು ಬಳಸುವ ಅವೊಗಾಡ್ರೊ ಸಂಖ್ಯೆಯ ಪ್ರಕಾರ 12ನೆಯ ಸುತ್ತು ದಾಟಿದ ಮೇಲೆ ಮೂಲ ದ್ರವ್ಯದ ಒಂದು ಅಣುವೂ ಉಳಿದಿರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ರೋಗಿಯ ನಾಲಿಗೆಗೆ ಬೀಳುವುದು ಸಕ್ಕರೆಯ ಗುಳಿಗೆ ಮಾತ್ರ.

ಲೆಕ್ಕ ಏನೇ ಇರಲಿ, ಗುಣವಾಗುತ್ತದಲ್ಲ ಎನ್ನುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ, ಮತ್ತು ಅದನ್ನು ಪರೀಕ್ಷಿಸಿಯೂ ನೋಡಲಾಗಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ, ಹೋಮಿಯೋಪತಿ ಪರಿಣಾಮಕಾರಿ ಎಂಬುದಕ್ಕೆ ನಂಬಲರ್ಹ ಪುರಾವೆಯಿರುವ ಕಾಯಿಲೆ ಒಂದೂ ಇಲ್ಲವೆಂದು 2015ರಲ್ಲಿ ತಿಳಿಸಿತು. ಫ್ರಾನ್ಸ್ 2021ರಿಂದ ಅದರ ವೆಚ್ಚ ಭರಿಸುವುದನ್ನು ನಿಲ್ಲಿಸಿತು. ಹಾಗಾದರೆ ಅನುಭವ ಸುಳ್ಳೇ? ಸುಳ್ಳಲ್ಲ. ನೆಗಡಿ ತಾನಾಗಿ ಇಳಿಯುತ್ತದೆ, ಮೊಣಕಾಲು ನೋವು ಏರಿಳಿಯುತ್ತದೆ, ಮತ್ತು ನಾವು ವೈದ್ಯರ ಬಳಿ ಹೋಗುವುದು ನೋವು ತೀರ ಏರಿದಾಗಲೇ. ಜೊತೆಗೆ ಹೋಮಿಯೋಪತಿ ವೈದ್ಯರು ಕೂರಿಸಿಕೊಂಡು ಬಹಳ ಹೊತ್ತು ಮಾತು ಕೇಳುತ್ತಾರೆ. ಆಸ್ಪತ್ರೆಯ ಸಾಲಿನಲ್ಲಿ ನಿಂತು ಎರಡು ನಿಮಿಷವೂ ಸಿಗದವರಿಗೆ ಅದು ದೊಡ್ಡ ಸಮಾಧಾನ. ಅದನ್ನು ನಮ್ಮ ಆಸ್ಪತ್ರೆಗಳು ಕಲಿಯಬೇಕು.

ಅಪಾಯ ಇರುವುದು ತಡಮಾಡುವುದರಲ್ಲಿ. ಇನ್ಸುಲಿನ್ ಇಲ್ಲದೆ ಬದುಕಲಾಗದ ಸಕ್ಕರೆ ಕಾಯಿಲೆಯ ಮಗುವಿಗೆ ಸೂಜಿ ನಿಲ್ಲಿಸಿ ಗುಳಿಗೆ ಕೊಟ್ಟರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು ಬರುತ್ತದೆ.

ಇದನ್ನು ತಡೆಯಲು ಕಾನೂನು ಇಲ್ಲವೆಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಅನುಸೂಚಿಯಲ್ಲಿ ಮಧುಮೇಹ, ಕ್ಯಾನ್ಸರ್, ಮೂರ್ಛೆರೋಗ, ಪಾರ್ಶ್ವವಾಯು ಸೇರಿದಂತೆ 54 ಕಾಯಿಲೆ ಮತ್ತು ಸ್ಥಿತಿಗಳಿವೆ. ಇವುಗಳನ್ನು ಗುಣಪಡಿಸುತ್ತೇವೆಂದು ಜನರೆದುರು ಔಷಧದ ಜಾಹೀರಾತು ಮಾಡುವುದು ಅಪರಾಧ. ಔಷಧ ಯಾವ ಪದ್ಧತಿಯದಾದರೂ ಸರಿ. ಜಾಹೀರಾತು ಎಂದರೆ ಅಚ್ಚಾದ ಕಾಗದವಷ್ಟೇ ಅಲ್ಲ, ಬಾಯಿಮಾತಿನಿಂದ, ಧ್ವನಿಯಿಂದ, ಬೆಳಕಿನಿಂದ ಮಾಡುವ ಘೋಷಣೆಯೂ ಸೇರುತ್ತದೆ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಅಂದರೆ ಜಾತ್ರೆಯ ಮೈಕೂ ಅದರ ವ್ಯಾಪ್ತಿಯಲ್ಲೇ ಇದೆ. ಆದರೆ ಮೊದಲ ತಪ್ಪಿಗೆ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳು ಸೆರೆ ಅಥವಾ ದಂಡ, ಇಲ್ಲವೇ ಎರಡೂ. ದೊಡ್ಡ ವ್ಯಾಪಾರಕ್ಕೆ ಇದು ಯಾವ ಹೆದರಿಕೆಯನ್ನೂ ಹುಟ್ಟಿಸುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಅದನ್ನಾದರೂ ಬಳಸಬೇಕು. ಸರ್ಕಾರವೂ ಈ ಅಳತೆಗೋಲಿನಿಂದ ಹೊರತಲ್ಲ. 2020ರ ಜನವರಿಯಲ್ಲಿ, ಕೊರೋನಾ ವಿರುದ್ಧ ಯಾವ ಪರೀಕ್ಷೆಯೂ ನಡೆಯದಿದ್ದಾಗಲೇ, ಆಯುಷ್ ಸಚಿವಾಲಯ ಅದರ ತಡೆಗೆ ಆರ್ಸೆನಿಕಂ ಆಲ್ಬಂ 30 ಎಂಬ ಹೋಮಿಯೋಪತಿ ಔಷಧ ತೆಗೆದುಕೊಳ್ಳಿರೆಂದು ಸಲಹೆ ನೀಡಿದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಇಂಥ ಕರಪತ್ರ ಕೈಗೆ ಬಂದರೆ ಹರಿದೊಗೆಯಬೇಡಿ. ಸಿಕ್ಕ ಊರು, ದಿನಾಂಕ ಬರೆದಿಟ್ಟು, ಫೋಟೊ ತೆಗೆದು, ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಅಥವಾ ಆಯುಷ್ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮನೆಯಲ್ಲಿ ಯಾರಿಗಾದರೂ ಇನ್ಸುಲಿನ್, ಬಿಪಿ ಅಥವಾ ಫಿಟ್ಸ್ ಮಾತ್ರೆ ನಿಲ್ಲಿಸಲು ಯಾರೇ ಹೇಳಿದರೂ, ನಿಲ್ಲಿಸುವ ಮೊದಲು ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳಿ.

ನಮಸ್ಕಾರ.